ಅಮೆರಿಕದಲ್ಲಿ ಮನೆ ಹಕ್ಕಿನ ಕೆಲಸ: ಇಷ್ಟು ವರ್ಷ ನೋಡಿದ್ದು, ಇನ್ನೂ ಬಾಕಿ ಇರುವುದು

ವಸತಿ_ಹಕ್ಕು (ಮೂಲ ಬರಹ)

ಎಲ್ಲರಿಗೂ ನಮಸ್ಕಾರ. ಶಿಕಾಗೊ ಪಕ್ಕದ ಊರೊಂದರಲ್ಲಿ ನಾನು ಫೇರ್ ಹೌಸಿಂಗ್ ಕೆಲಸ ಮಾಡುತ್ತೇನೆ. ಬಾಡಿಗೆ ಮನೆ ಹುಡುಕುವಾಗ, ಮನೆ ಕೊಳ್ಳುವಾಗ, ಸಾಲ ಕೇಳುವಾಗ ಬಣ್ಣ, ಧರ್ಮ, ಹುಟ್ಟಿದ ದೇಶ, ಅಂಗವೈಕಲ್ಯ, ಮಕ್ಕಳಿರುವುದು ಇಂಥ ಕಾರಣಕ್ಕೆ ಯಾರನ್ನೂ ಹೊರಗಿಡದಂತೆ ನೋಡಿಕೊಳ್ಳುವ ಕೆಲಸ. ದುಡಿಯಲು ಶುರು ಮಾಡಿದಾಗಿನಿಂದ ಇದೇ ಕ್ಷೇತ್ರ. ಮೊದಲು ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದೆ, ಆಮೇಲೆ ದೂರುಗಳ ತನಿಖೆ, ಈಗ ನೀತಿ ವಿಚಾರ. ನಿವೃತ್ತಿ ಹತ್ತಿರ ಬರುತ್ತಿದೆ. ಕನ್ನಡದಲ್ಲಿ ಇದರ ಬಗ್ಗೆ ಮಾತು ಕಡಿಮೆ ಅನ್ನಿಸಿ ಬರೆಯುತ್ತಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳುತ್ತೇನೆ. ಮನೆ ವಿಷಯದಲ್ಲಿ ಭೇದಭಾವ ಆದಾಗ, ಅದನ್ನು ಅನುಭವಿಸಿದವರಿಗೇ ಎಷ್ಟೋ ಸಲ ಗೊತ್ತಾಗುವುದಿಲ್ಲ. "ಅಯ್ಯೋ, ನಿನ್ನೆ ಸಂಜೆ ತಾನೇ ಆ ಫ್ಲಾಟ್ ಹೋಯ್ತು" ಎಂದು ಏಜೆಂಟ್ ನಗುತ್ತಲೇ ಹೇಳುತ್ತಾರೆ. ಕೈ ಕುಲುಕಿ ಕಳಿಸುತ್ತಾರೆ. ಬಂದವರು ಥ್ಯಾಂಕ್ಸ್ ಹೇಳಿ ಹೊರಡುತ್ತಾರೆ. ಅದೇ ಮಧ್ಯಾಹ್ನ ಇನ್ನೊಬ್ಬರಿಗೆ ಅದೇ ಫ್ಲಾಟ್ ತೋರಿಸಿದ್ದು ಅವರಿಗೆ ತಿಳಿಯುವುದಾದರೂ ಹೇಗೆ? ಅದಕ್ಕೇ ನಮ್ಮ ಕೆಲಸದ ಮುಕ್ಕಾಲು ಪಾಲು ಕಾಣದ್ದನ್ನು ಕಾಣುವಂತೆ ಮಾಡುವುದು. ಕಾನೂನು, ಕೋರ್ಟು, ಪರಿಹಾರ ಎಲ್ಲ ಅದರ ಆಮೇಲೆ.

ಹಿಂದೆ ಇದು ಹೀಗೆ ಮುಚ್ಚಿಟ್ಟ ಸಂಗತಿ ಆಗಿರಲಿಲ್ಲ. 1910ರಲ್ಲಿ ಬಾಲ್ಟಿಮೋರ್ ನಗರ ಯಾವ ಬ್ಲಾಕಿನಲ್ಲಿ ಯಾವ ಬಣ್ಣದವರು ಇರಬೇಕು ಅಂತ ಕಾನೂನನ್ನೇ ಮಾಡಿತ್ತು. ಅಂಥ ಕಾನೂನುಗಳನ್ನು 1917ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆದರೆ ಕರಿಯರಿಗೆ ಮಾರುವಂತಿಲ್ಲ ಎನ್ನುವ ಷರತ್ತು ಮನೆ ಪತ್ರಗಳಲ್ಲಿ ಬರುವುದು ನಿಲ್ಲಲಿಲ್ಲ, ಇನ್ನಷ್ಟು ಜಾಸ್ತಿಯಾಯಿತು. ಆ ಷರತ್ತನ್ನು ಕೋರ್ಟುಗಳು ಜಾರಿ ಮಾಡಬಾರದು ಎಂದು ತೀರ್ಪು ಬಂದದ್ದು 1948ರಲ್ಲಿ, ಸೇಂಟ್ ಲೂಯಿಯ ಶೆಲ್ಲಿ ಕುಟುಂಬದ ಕೇಸಿನಲ್ಲಿ. ಅಷ್ಟರೊಳಗೆ ಸರ್ಕಾರದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ 1934ರಿಂದ ಸಾಲಕ್ಕೆ ವಿಮೆ ಕೊಡುತ್ತಾ ಬಂದಿತ್ತು. ಅದರ ಕೈಪಿಡಿಯೇ ಇಂಥ ಷರತ್ತು ಇದ್ದರೆ ಒಳ್ಳೆಯದು ಎನ್ನುತ್ತಿತ್ತು. ಬಿಳಿಯರ ಉಪನಗರಗಳು ಸರ್ಕಾರದ ಬೆಂಬಲದಿಂದ ಎದ್ದು ನಿಂತವು. ಕರಿಯರಿಗೆ ಅದೇ ಸಾಲ ಸಿಗಲಿಲ್ಲ.

ಸಾಲ ಸಿಗದವರು ಏನು ಮಾಡಿದರು? ಶಿಕಾಗೊದ ಲಾನ್‌ಡೇಲ್‌ನಲ್ಲಿ ಸಾವಿರಾರು ಕರಿಯ ಕುಟುಂಬಗಳು ಕಾಂಟ್ರ್ಯಾಕ್ಟ್ ಮೇಲೆ ಮನೆ ಕೊಂಡವು. ಬೆಲೆ ಎಷ್ಟೋ ಪಟ್ಟು. ಕೊನೆಯ ಕಂತು ಕಟ್ಟುವ ತನಕ ಮನೆ ಅವರದ್ದಲ್ಲ. ಒಂದು ಕಂತು ತಪ್ಪಿದರೂ ಕಟ್ಟಿದ ಹಣವೂ ಹೋಯಿತು, ಮನೆಯೂ ಹೋಯಿತು. 1968ರಲ್ಲಿ ಅದೇ ಜನ ಕಾಂಟ್ರ್ಯಾಕ್ಟ್ ಬೈಯರ್ಸ್ ಲೀಗ್ ಕಟ್ಟಿಕೊಂಡು ಕಂತು ತಡೆಹಿಡಿದರು. ಅವರ ಮಕ್ಕಳು, ಮೊಮ್ಮಕ್ಕಳ ಜೊತೆ ನಾನು ಕೆಲಸ ಮಾಡಿದ್ದೇನೆ. ಆ ಮನೆಗಳಲ್ಲಿ ಹಣದ ವಿಚಾರ ಬಂದರೆ ಇವತ್ತಿಗೂ ಆ ಕಾಂಟ್ರ್ಯಾಕ್ಟಿನ ಮಾತು ಬರುತ್ತದೆ.

ಮಾರ್ಟಿನ್ ಲೂಥರ್ ಕಿಂಗ್ 1966ರ ಜನವರಿಯಲ್ಲಿ ಇದೇ ಲಾನ್‌ಡೇಲ್‌ಗೆ ಬಂದು ಬಾಡಿಗೆ ಮನೆಯಲ್ಲಿ ಉಳಿದರು. ಆಗಸ್ಟ್ 5ರಂದು ಮಾರ್ಕೆಟ್ (Marquette) ಪಾರ್ಕ್ ಮೆರವಣಿಗೆಯಲ್ಲಿ ಅವರ ತಲೆಗೆ ಕಲ್ಲು ಬಿತ್ತು. ವಸತಿ ಮಸೂದೆ ಸಂಸತ್ತಿನಲ್ಲಿ ಮತ್ತೆ ಮತ್ತೆ ಸಿಕ್ಕಿಹಾಕಿಕೊಂಡಿತು. ಸೆನೆಟರ್‌ಗಳಾದ ಎಡ್ವರ್ಡ್ ಬ್ರೂಕ್ ಮತ್ತು ವಾಲ್ಟರ್ ಮಾಂಡೇಲ್ ಅದನ್ನು ಹಿಡಿದು ಎಳೆದರು. 1968ರ ಏಪ್ರಿಲ್ 4ಕ್ಕೆ ಕಿಂಗ್ ಹತ್ಯೆ. ಅದಾಗಿ ಒಂದೇ ವಾರಕ್ಕೆ, ಏಪ್ರಿಲ್ 11ರಂದು, ಅಧ್ಯಕ್ಷ ಜಾನ್ಸನ್ ಫೇರ್ ಹೌಸಿಂಗ್ ಆಕ್ಟ್‌ಗೆ ಸಹಿ ಹಾಕಿದರು.

ಆದರೆ ಆ ಕಾನೂನಿಗೆ ಹಲ್ಲು ಇರಲಿಲ್ಲ. ವಸತಿ ಇಲಾಖೆಯಾದ ಹಡ್ ರಾಜಿ ಮಾಡಿಸಬಹುದಿತ್ತು, ಅಷ್ಟೇ. ಕೋರ್ಟಿನಲ್ಲಿ ಗೆದ್ದರೂ ದಂಡರೂಪದ ಪರಿಹಾರ 1,000 ಡಾಲರ್ ದಾಟುವಂತಿರಲಿಲ್ಲ. 1974ರಲ್ಲಿ ಲಿಂಗ ಸೇರಿತು. 1988ರಲ್ಲಿ ಅಂಗವಿಕಲರು ಮತ್ತು ಮಕ್ಕಳಿರುವ ಕುಟುಂಬಗಳು ಸೇರಿದವು, ಆ ಮಿತಿ ಹೋಯಿತು, ಹಡ್‌ಗೆ ಕೇಸು ನಡೆಸುವ ಅಧಿಕಾರ ಬಂತು. ಕಾನೂನಿಗೆ ನಿಜವಾದ ಬಲ ಬಂದದ್ದು ಹುಟ್ಟಿದ 20 ವರ್ಷಕ್ಕೆ.

ಪ್ರಶ್ನೆಗಳಿದ್ದರೆ ಕೇಳಿ. ಒಪ್ಪದಿದ್ದರೂ ಬರೆಯಿರಿ.

ಹಳೇ_ನಕ್ಷೆ

ಒಳ್ಳೆಯ ಬರಹ ಮೇಡಂ. ರೆಡ್‌ಲೈನಿಂಗ್ ನಕ್ಷೆಗಳ ಬಗ್ಗೆ ಬರೆಯದೆ ಬಿಟ್ಟಿದ್ದೀರಿ. ಸಾಲಕ್ಕೆ ಯಾವ ಬಡಾವಣೆ ಸುರಕ್ಷಿತ, ಯಾವುದು ಅಪಾಯ (ಕೆಂಪು) ಅಂತ ಗುರುತಿಸಿ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಮಾಡಿದ ಹಸಿರು, ನೀಲಿ, ಹಳದಿ, ಕೆಂಪು ನಕ್ಷೆಗಳು. ಎಲ್ಲಕ್ಕೂ ಮೂಲ ಅವೇ ಅಲ್ವಾ?

ವಸತಿ_ಹಕ್ಕು

ಬೇಕೆಂದೇ ಬಿಟ್ಟೆ. ಆ ನಕ್ಷೆಗಳು ನೋಡಿದ ಕೂಡಲೇ ಮನಸ್ಸಿಗೆ ನಾಟುತ್ತವೆ, ಅದಕ್ಕೇ ಎಲ್ಲ ತಪ್ಪನ್ನೂ ಅವುಗಳ ಮೇಲೆ ಹಾಕುವುದು ರೂಢಿ. ಆದರೆ ಆ ಸಂಸ್ಥೆ ಹುಟ್ಟಿದ್ದು 1933ರಲ್ಲಿ, ಮನೆ ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದವರ ಸಾಲವನ್ನು ಬದಲಿಸಿಕೊಡಲು. ಸುಮಾರು 10 ಲಕ್ಷ ಸಾಲ ಕೊಟ್ಟಿತು, ಅದರಲ್ಲಿ ಹೆಚ್ಚಿನವು ನಕ್ಷೆ ತಯಾರಾಗುವ ಮೊದಲೇ. ಆಮೇಲೆ ಕೆಂಪು ಬಣ್ಣ ಬಿದ್ದ ಎಷ್ಟೋ ಕಡೆ ಅದೇ ಸಂಸ್ಥೆ ಸಾಲ ಕೊಟ್ಟಿತ್ತು. ದಶಕಗಟ್ಟಲೆ ಬಾಗಿಲು ಮುಚ್ಚಿದ್ದು ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ನಿನ ವಿಮೆ ನಿಯಮ. ಆ ನಕ್ಷೆಗಳು ಆಗಿನವರ ಮನಸ್ಸು ಹೇಗಿತ್ತು ಅಂತ ತೋರಿಸುತ್ತವೆ. ಹಾನಿ ಮಾಡಿದ್ದು ನಿಯಮಗಳು. ಯಾವ ನಿಯಮದಿಂದ ಹಾನಿ ಆಯಿತು ಅಂತ ಸರಿಯಾಗಿ ಗುರುತಿಸದಿದ್ದರೆ ಅದನ್ನು ಸರಿ ಮಾಡುವುದೂ ಆಗುವುದಿಲ್ಲ.

ಎರಡನೇ_ಮಹಡಿ

ಮೇಡಂ, ಟೆಸ್ಟಿಂಗ್ ಅಂದರೆ ಏನು ಮಾಡುತ್ತೀರಿ? ಸುಳ್ಳು ಹೇಳಿಕೊಂಡು ಮನೆ ನೋಡಲು ಹೋಗುವುದಾ? ನನಗೆ ಅದು ಸ್ವಲ್ಪ ಸರಿ ಕಾಣುವುದಿಲ್ಲ. ನಾನೂ ಮನೆ ಬಾಡಿಗೆ ಕೊಡುವವನೇ.

ವಸತಿ_ಹಕ್ಕು

ನೇರವಾಗಿ ಕೇಳಿದ್ದು ಒಳ್ಳೆಯದಾಯಿತು. ಹೌದು, ಟೆಸ್ಟರ್‌ಗೆ ನಿಜವಾಗಿ ಮನೆ ಬೇಕಿರುವುದಿಲ್ಲ. ಇಬ್ಬರನ್ನು ಆರಿಸುತ್ತೇವೆ. ಸಂಬಳ, ಕೆಲಸ, ಸಾಲದ ಸ್ಕೋರು, ಬೇಕಾದ ಕೋಣೆಗಳು ಎಲ್ಲ ಹೆಚ್ಚುಕಡಿಮೆ ಒಂದೇ. ಕರಿಯ ಟೆಸ್ಟರ್‌ಗೆ ಸಂಬಳ ಒಂದು ಚೂರು ಜಾಸ್ತಿಯೇ ಇಡುತ್ತೇವೆ, ಆಮೇಲೆ "ದುಡ್ಡಿನ ಕಾರಣಕ್ಕೆ ಬೇಡ ಅಂದೆವು" ಅನ್ನದಿರಲಿ ಅಂತ. ಬೇರೆ ಇರುವುದು ಬಣ್ಣ ಮಾತ್ರ, ಅಥವಾ ಗಾಲಿಕುರ್ಚಿ, ಅಥವಾ ಮಕ್ಕಳು. ಒಬ್ಬರಿಗೆ ಇನ್ನೊಬ್ಬರು ಯಾರು ಅಂತ ಗೊತ್ತಿರುವುದಿಲ್ಲ. ದೂರು ಏನು ಅಂತಲೂ ಹೇಳುವುದಿಲ್ಲ. ಹೊರಗೆ ಬಂದ ತಕ್ಷಣ ನಡೆದದ್ದನ್ನು ನಡೆದಂತೆ ಬರೆಯಬೇಕು. ತಮಗೆ ಏನು ಅನ್ನಿಸಿತು ಅಂತ ಬರೆಯುವಂತಿಲ್ಲ. ಯಾವ ಫ್ಲಾಟ್ ತೋರಿಸಿದರು, ಎಷ್ಟು ಬಾಡಿಗೆ ಅಂದರು, ಅರ್ಜಿ ಕೊಟ್ಟರಾ, ಆಮೇಲೆ ಫೋನ್ ಮಾಡಿದರಾ, ಅಷ್ಟೇ. ಎರಡು ವರದಿಯನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಬೇರೆ.

ಈ ದಾರಿ ಸರಿಯಾ ಅಂತ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ವರ್ಜೀನಿಯಾದ ರಿಚ್ಮಂಡ್ ಪಕ್ಕದ ಹೆನ್ರೈಕೊ ಕೌಂಟಿಯಲ್ಲಿ ಸಿಲ್ವಿಯಾ ಕೋಲ್ಮನ್ ಎಂಬ ಕರಿಯ ಟೆಸ್ಟರ್‌ಗೆ ಮನೆ ಖಾಲಿ ಇಲ್ಲ ಅಂದರು. ಬಿಳಿಯ ಟೆಸ್ಟರ್‌ಗೆ ಖಾಲಿ ಇದೆ ಅಂದರು. 1982ರಲ್ಲಿ ಕೋರ್ಟ್ ಹೇಳಿದ್ದು ಇಷ್ಟು: ಮನೆಯ ಬಗ್ಗೆ ನಿಜವಾದ ಮಾಹಿತಿ ಪಡೆಯುವುದು ಎಲ್ಲರ ಹಕ್ಕು. ಸುಳ್ಳು ಹೇಳಿಸಿಕೊಂಡಿದ್ದೇ ಆಕೆಗೆ ಆದ ಹಾನಿ, ಬಾಡಿಗೆಗೆ ಹೋಗುವ ಉದ್ದೇಶ ಇರಲಿಲ್ಲ ಎನ್ನುವುದು ಇಲ್ಲಿ ಮುಖ್ಯವಲ್ಲ. ಆ ತೀರ್ಪು ಬರದೇ ಹೋಗಿದ್ದರೆ ನನ್ನ ವೃತ್ತಿಯೇ ಇರುತ್ತಿರಲಿಲ್ಲ.

ಎಲ್ಲರನ್ನೂ ಒಂದೇ ಥರ ನೋಡುವ ಮಾಲೀಕರಿಗೆ ಟೆಸ್ಟ್‌ನಿಂದ ಯಾವ ತೊಂದರೆಯೂ ಇಲ್ಲ. ಎಷ್ಟೋ ಟೆಸ್ಟ್‌ಗಳಲ್ಲಿ ಏನೂ ಸಿಗುವುದಿಲ್ಲ. ಆ ಫೈಲನ್ನು ಸಂತೋಷವಾಗಿ ಮುಚ್ಚುತ್ತೇವೆ.

ಎರಡನೇ_ಮಹಡಿ

ಅರ್ಥವಾಯಿತು. ಇನ್ನೊಂದು ಕೇಳಲಾ? ನನ್ನದು ಎರಡು ಮನೆಯ ಕಟ್ಟಡ. ಕೆಳಗೆ ನಾವಿದ್ದೇವೆ, ಮೇಲಿನದು ಬಾಡಿಗೆಗೆ. ಚಿಕ್ಕ ಕಟ್ಟಡಕ್ಕೆ ಈ ಕಾನೂನು ಇಲ್ಲ ಅಂತ ಗೆಳೆಯರು ಹೇಳುತ್ತಾರೆ.

ವಸತಿ_ಹಕ್ಕು

ಅರ್ಧ ನಿಜ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಮನೆಗಳಿರುವ ಕಟ್ಟಡದಲ್ಲಿ ಮಾಲೀಕರೇ ವಾಸವಾಗಿದ್ದರೆ ಫೆಡರಲ್ ಕಾನೂನಿನಲ್ಲಿ ವಿನಾಯಿತಿ ಇದೆ. ಆದರೆ ಜಾಹೀರಾತಿಗೆ ಆ ವಿನಾಯಿತಿ ಇಲ್ಲ. "ಇಂಥವರಿಗೆ ಮಾತ್ರ" ಅಂತ ಬರೆಯುವಂತೆಯೇ ಇಲ್ಲ. ಇನ್ನು ಬಣ್ಣ, ಜನಾಂಗದ ವಿಷಯಕ್ಕೆ ಬಂದರೆ 1866ರ ಸಿವಿಲ್ ರೈಟ್ಸ್ ಆಕ್ಟ್ ಇದೆ. ಅದು ಖಾಸಗಿ ಮನೆಗಳಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಅಲ್ಲಿ ಚಿಕ್ಕದು, ದೊಡ್ಡದು ಎನ್ನುವ ಲೆಕ್ಕವಿಲ್ಲ. ಜೊತೆಗೆ ರಾಜ್ಯದ್ದು, ಊರಿನದ್ದು ಬೇರೆ ಕಾನೂನುಗಳಿರುತ್ತವೆ. ನೀವು ಇಲಿನಾಯ್‌ನಲ್ಲಿ ಇದ್ದರೆ 2023ರ ಜನವರಿಯಿಂದ ಸರ್ಕಾರದ ಬಾಡಿಗೆ ನೆರವಿನ ವೌಚರ್ ತಂದವರನ್ನು ವೌಚರ್ ಇದೆ ಎನ್ನುವ ಕಾರಣಕ್ಕೆ ಸಾಮಾನ್ಯವಾಗಿ ಬೇಡ ಅನ್ನುವಂತಿಲ್ಲ, ಮಾಲೀಕರೇ ಇರುವ ಚಿಕ್ಕ ಕಟ್ಟಡಕ್ಕೆ ಅದು ಬೇರೆಯಾಗಿರಬಹುದು. ಗೆಳೆಯರ ಮಾತು ಬಿಟ್ಟು ನಿಮ್ಮ ಊರಿನ ನಿಯಮವನ್ನೇ ತರಿಸಿ ಓದಿ. ಕೇಳಿದ್ದಕ್ಕೆ ನಿಜವಾಗಿಯೂ ಖುಷಿಯಾಯಿತು.

ಮೂರು_ಮಕ್ಕಳ_ತಾಯಿ

ಮಕ್ಕಳಿರುವ ಕುಟುಂಬ ಅಂದಿರಿ. ನಮಗೆ ಒಂದು ಕಡೆ "ಮೂರನೇ ಮಹಡಿ ಬೇಡ, ಬಾಲ್ಕನಿ ಇದೆ, ಮಕ್ಕಳಿಗೆ ಅಪಾಯ" ಅಂತ ಕೆಳಗಿನ ಫ್ಲಾಟ್ ತೋರಿಸಿದರು. ಕಾಳಜಿಯಿಂದಲೇ ಹೇಳಿದರು ಅಂದುಕೊಂಡಿದ್ದೆ. ಇದೂ ಸೇರುತ್ತಾ?

ವಸತಿ_ಹಕ್ಕು

ಸೇರುತ್ತದೆ. ನನ್ನ ತನಿಖೆಗಳಲ್ಲಿ ಇದು ಮತ್ತೆ ಮತ್ತೆ ಬಂದ ಸಂಗತಿ. ಒಂದು ಕಟ್ಟಡದಲ್ಲಿ ಮಕ್ಕಳಿರುವವರನ್ನೆಲ್ಲ ಹಿಂದಿನ ಬ್ಲಾಕಿಗೇ ಕಳಿಸುತ್ತಿದ್ದರು. ಆಟದ ಜಾಗ ಹತ್ತಿರ ಅಂತ ಮ್ಯಾನೇಜರ್ ಕಾರಣ ಕೊಟ್ಟರು. ಅವರು ಕೆಟ್ಟ ಮನುಷ್ಯ ಅಂತ ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಆದರೆ ಎಲ್ಲಿ ಇರಬೇಕು ಅಂತ ತಾಯಿ ತೀರ್ಮಾನಿಸಬೇಕು, ಮ್ಯಾನೇಜರ್ ಅಲ್ಲ. ಬಾಲ್ಕನಿ ಇದೆ ಅಂತ ಹೇಳಲಿ, ಆಮೇಲೆ ಎರಡು ಫ್ಲಾಟನ್ನೂ ತೋರಿಸಲಿ. ಕಾಳಜಿ ಅಷ್ಟಕ್ಕೆ ನಿಂತರೆ ಯಾರ ತಕರಾರೂ ಇಲ್ಲ.

ಸೌತ್‌ಸೈಡ್_ಕನ್ನಡಿಗ

ನನ್ನ ತಕರಾರು ಬೇರೆ. ನಿಮ್ಮ ಕ್ಷೇತ್ರದವರು ಯಾವಾಗಲೂ ಬಡವರನ್ನು "ಒಳ್ಳೆಯ" ಜಾಗಕ್ಕೆ ಸಾಗಿಸುವ ಮಾತೇ ಆಡುತ್ತೀರಿ. ಉಳಿದವರ ಕಥೆ ಏನು? ನಾನಿರುವ ಕಡೆ ಶಾಲೆ ಮುಚ್ಚಿತು, ಬ್ಯಾಂಕ್ ಹೋಯಿತು. ಇಲ್ಲಿಯ ಜನಕ್ಕೆ ಇಲ್ಲೇ ಚೆನ್ನಾಗಿ ಬದುಕುವ ಹಕ್ಕಿಲ್ಲವಾ? ಬಿಳಿಯರ ಪಕ್ಕದಲ್ಲಿ ಕೂತರೆ ಮಾತ್ರ ಉದ್ಧಾರ ಅನ್ನುವ ಧಾಟಿ ನನಗೆ ನೋವು ಕೊಡುತ್ತದೆ.

ವಸತಿ_ಹಕ್ಕು

ನಮ್ಮೊಳಗೆ ಎಲ್ಲಕ್ಕಿಂತ ಹಳೆಯ ಜಗಳ ಇದು. ಹಗುರವಾಗಿ ಉತ್ತರಿಸಲು ಮನಸ್ಸಿಲ್ಲ.

ಮೊದಲು ಗೊಟ್ರೋ ಕೇಸು. ಡೊರೊಥಿ ಗೊಟ್ರೋ ಶಿಕಾಗೊದ ಆಲ್ಟ್‌ಗೆಲ್ಡ್ ಗಾರ್ಡನ್ಸ್ ಎಂಬ ಸರ್ಕಾರಿ ವಸತಿಯಲ್ಲಿದ್ದವರು. ಸರ್ಕಾರಿ ಮನೆಗಳನ್ನು ಬರೀ ಕರಿಯರಿರುವ ಕಡೆಯೇ ಕಟ್ಟುತ್ತಿದ್ದಾರೆ ಅಂತ 1966ರಲ್ಲಿ ಅವರೂ ಕೆಲವರೂ ಕೇಸು ಹಾಕಿದರು. ಬಿಳಿಯರ ವಾರ್ಡಿನಲ್ಲಿ ಜಾಗ ಗುರುತಿಸಿದರೆ ಅಲ್ಲಿನ ಆಲ್ಡರ್‌ಮನ್ (ನಗರಸಭೆಯ ವಾರ್ಡ್ ಸದಸ್ಯ) ಬೇಡ ಅಂದರೆ ಮುಗಿಯಿತು, ಆಗ ಹಾಗೆ ನಡೆಯುತ್ತಿತ್ತು. 1969ರಲ್ಲಿ ಅವರ ಕಡೆ ತೀರ್ಪು ಬಂತು, 1976ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಗೆಲುವು. ಡೊರೊಥಿ ಅದ್ಯಾವುದನ್ನೂ ನೋಡಲಿಲ್ಲ, 1968ರಲ್ಲೇ ತೀರಿಕೊಂಡಿದ್ದರು. ಆ ತೀರ್ಪಿನಿಂದ 7,000ಕ್ಕೂ ಹೆಚ್ಚು ಕುಟುಂಬಗಳು ಬೇರೆ ಕಡೆ ಮನೆ ಮಾಡಿದವು. ಗಮನಿಸಿ, ಹೋಗಿ ಅಂತ ಯಾರೂ ಅವರನ್ನು ತಳ್ಳಲಿಲ್ಲ. ಅಲ್ಲಿಯವರೆಗೆ ಮುಚ್ಚಿದ್ದ ಬಾಗಿಲು ತೆರೆಯಿತು.

1994ರಲ್ಲಿ ಸರ್ಕಾರ ಇದನ್ನು ಪ್ರಯೋಗವಾಗಿಯೇ ಮಾಡಿ ನೋಡಿತು. ಬಾಲ್ಟಿಮೋರ್, ಬಾಸ್ಟನ್, ಶಿಕಾಗೊ, ಲಾಸ್ ಏಂಜಲಿಸ್, ನ್ಯೂಯಾರ್ಕ್, ಸುಮಾರು 4,600 ಕುಟುಂಬ, ಲಾಟರಿ ಎತ್ತಿ ವೌಚರ್. ಮೊದಮೊದಲ ಫಲಿತಾಂಶ ನೋಡಿ ಎಷ್ಟೋ ಜನ ಇದು ಸೋತಿತು ಅಂದರು, ಯಾಕೆಂದರೆ ದೊಡ್ಡವರ ಸಂಬಳ ಏರಲಿಲ್ಲ. ಆರೋಗ್ಯ ಮಾತ್ರ ಸುಧಾರಿಸಿತ್ತು. 2015ರಲ್ಲಿ ರಾಜ್ ಚೆಟ್ಟಿ ಮತ್ತು ಜೊತೆಯವರು ಬೆಳೆದ ಮಕ್ಕಳ ಲೆಕ್ಕ ತೆಗೆದರು. 13 ವರ್ಷಕ್ಕೆ ಮೊದಲು ಬಡತನ ಕಡಿಮೆ ಇರುವ ಜಾಗಕ್ಕೆ ಹೋದ ಮಕ್ಕಳ ದುಡಿಮೆ, ಇಪ್ಪತ್ತೈದರ ಆಸುಪಾಸಿನಲ್ಲಿ, ಹೋಗದವರಿಗಿಂತ ಸುಮಾರು 31% ಜಾಸ್ತಿ ಇತ್ತು. ದೊಡ್ಡ ವಯಸ್ಸಿನಲ್ಲಿ ಹೋದ ಮಕ್ಕಳಿಗೆ ಆ ಲಾಭ ಸಿಗಲಿಲ್ಲ. ಎಷ್ಟು ವರ್ಷ ಅಲ್ಲಿ ಬೆಳೆದರು ಎನ್ನುವುದೇ ಮುಖ್ಯ ಅಂತ ಇದರಿಂದ ಗೊತ್ತಾಯಿತು. ಅಲ್ಲಿ ಕೆಲಸ ಮಾಡಿದ್ದು ಪಕ್ಕದ ಮನೆಯವರ ಬಣ್ಣ ಅಲ್ಲ. ಶಾಲೆ, ಸುರಕ್ಷತೆ, ಸಂಪರ್ಕ. ಅವು ಬಿಳಿಯರ ಜಾಗದಲ್ಲೇ ಸೇರಿಕೊಂಡಿದ್ದು ಸಾರ್ವಜನಿಕ ಹಣ ಅಲ್ಲಿಗೇ ಹರಿದಿದ್ದರಿಂದ.

ಅದಕ್ಕೇ ನಿಮ್ಮ ಮಾತೂ ಸರಿ. ಹೋಗುವ ಹಕ್ಕು ಇದ್ದಂತೆ ಉಳಿಯುವ ಹಕ್ಕೂ ಇರಬೇಕು. ಬಜೆಟ್ ಚಿಕ್ಕದು ಅಂತ ಎರಡರಲ್ಲಿ ಒಂದನ್ನು ಆರಿಸಿ ಅನ್ನುತ್ತಾರಲ್ಲ, ಆ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ.

ಬಾಸ್ಟನ್_ಬಳಗ

ಉಳಿಯುವ ಹಕ್ಕಿಗೆ ನಮ್ಮೂರಿನ ಉದಾಹರಣೆ ಕೊಡುತ್ತೇನೆ. ರಾಕ್ಸ್‌ಬರಿಯ ಡಡ್ಲಿ ಸ್ಟ್ರೀಟ್ ಸುತ್ತ ಮನೆಗಳು ಸುಟ್ಟು, ಖಾಲಿ ನಿವೇಶನಗಳು ಕಸದ ಗುಂಡಿ ಆಗಿದ್ದವು. 1984ರಲ್ಲಿ ಅಲ್ಲಿಯವರೇ ಡಡ್ಲಿ ಸ್ಟ್ರೀಟ್ ನೇಬರ್‌ಹುಡ್ ಇನಿಷಿಯೇಟಿವ್ ಕಟ್ಟಿದರು. ಮೊದಲ ಚಳವಳಿ ಕಸ ಸುರಿಯುವುದನ್ನು ನಿಲ್ಲಿಸಲು. 1988ರಲ್ಲಿ ಖಾಲಿ ಜಾಗಗಳನ್ನು ಸ್ವಾಧೀನ ಮಾಡಿಕೊಳ್ಳುವ ಅಧಿಕಾರವನ್ನೇ ನಗರದಿಂದ ಪಡೆದರು, ನಿವಾಸಿಗಳ ಸಂಘಕ್ಕೆ ಅಂಥ ಅಧಿಕಾರ ಸಿಗುವುದು ತುಂಬಾ ಅಪರೂಪ. ಜಾಗ ಲ್ಯಾಂಡ್ ಟ್ರಸ್ಟ್ ಹೆಸರಲ್ಲಿ ಉಳಿಯುತ್ತದೆ, ಮೇಲಿನ ಮನೆ ಮಾತ್ರ ಕುಟುಂಬದ್ದು. ಮಾರಿದರೆ ಬೆಲೆಗೆ ಮಿತಿ. ಸುತ್ತಲಿನ ಬೆಲೆ ಏರಿದರೂ ಆ ಮನೆಗಳು ಸಾಮಾನ್ಯರ ಕೈಗೆ ಸಿಗುವಂತೆ ಉಳಿದಿವೆ.

ವಸತಿ_ಹಕ್ಕು

ಇದನ್ನು ಬರೆದದ್ದಕ್ಕೆ ಧನ್ಯವಾದ. ಲ್ಯಾಂಡ್ ಟ್ರಸ್ಟ್ ಆಲೋಚನೆಯ ಬೇರು ಜಾರ್ಜಿಯಾದ ಆಲ್ಬನಿಯಲ್ಲಿದೆ. ಚಾರ್ಲ್ಸ್ ಶೆರಾಡ್, ಶರ್ಲಿ ಶೆರಾಡ್ ಮತ್ತು ಸಂಗಡಿಗರು 1969ರಲ್ಲಿ ನ್ಯೂ ಕಮ್ಯುನಿಟೀಸ್ ಶುರು ಮಾಡಿದರು. ಕರಿಯ ರೈತರ ಕೈಯಲ್ಲಿ ಭೂಮಿ ಉಳಿಯಬೇಕು ಅಂತ ಹುಟ್ಟಿದ್ದು ನಗರಗಳ ಮನೆಗೂ ದಾರಿಯಾಯಿತು.

ಯೋಜನೆ_ವಿದ್ಯಾರ್ಥಿ

ಅಕ್ಕಾ, ನಾನು ನಗರ ಯೋಜನೆ ಓದುತ್ತಿದ್ದೇನೆ. ಈಗ ಏಜೆಂಟುಗಳಿಗಿಂತ ಝೋನಿಂಗ್ (ಎಲ್ಲಿ ಯಾವ ಥರದ ಕಟ್ಟಡ ಕಟ್ಟಬಹುದು ಎನ್ನುವ ಊರಿನ ನಿಯಮ) ದೊಡ್ಡ ಸಮಸ್ಯೆ ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ಟೆಸ್ಟಿಂಗ್ ಕಾಲ ಮುಗಿಯಿತಾ?

ವಸತಿ_ಹಕ್ಕು

ಮುಗಿದಿಲ್ಲ. ನ್ಯೂಯಾರ್ಕಿನ ನ್ಯೂಸ್‌ಡೇ ಪತ್ರಿಕೆ ಲಾಂಗ್ ಐಲ್ಯಾಂಡ್‌ನಲ್ಲಿ ಮನೆ ಮಾರುವ ಏಜೆಂಟುಗಳನ್ನು ಟೆಸ್ಟ್ ಮಾಡಿ 2019ರಲ್ಲಿ ವರದಿ ಮಾಡಿತು. ಕರಿಯರಿಗೆ 49%, ಹಿಸ್ಪ್ಯಾನಿಕ್ ಜನರಿಗೆ 39%, ಏಷ್ಯಾದವರಿಗೆ 19% ಟೆಸ್ಟ್‌ಗಳಲ್ಲಿ ಬಿಳಿಯರಿಗಿಂತ ಬೇರೆ ಥರದ ನಡವಳಿಕೆ ಎದುರಾಗಿತ್ತು. ಏಷ್ಯಾದವರು ಅಂದರೆ ನಾವೂ ಅಲ್ವಾ. ನಮ್ಮವರಲ್ಲಿ ಇದು ತಮಗೆ ಸಂಬಂಧವಿಲ್ಲ ಅನ್ನುವವರು ಜಾಸ್ತಿ. ಅದಕ್ಕೇ ಈ ಅಂಕಿ ಹೇಳುತ್ತೇನೆ.

ಝೋನಿಂಗ್ ಬಗ್ಗೆ ನಿಮ್ಮ ಮೇಷ್ಟ್ರು ಸರಿಯಾಗಿಯೇ ಹೇಳಿದ್ದಾರೆ. ದೊಡ್ಡ ನಿವೇಶನದಲ್ಲಿ ಒಂಟಿ ಮನೆ ಮಾತ್ರ ಕಟ್ಟಬೇಕು ಅಂತ ಊರು ನಿಯಮ ಮಾಡಿದರೆ, ಯಾರ ಹೆಸರನ್ನೂ ಎತ್ತದೆ ಬಡವರನ್ನು ಹೊರಗಿಟ್ಟ ಹಾಗೆಯೇ. ನ್ಯೂಜೆರ್ಸಿಯ ಮೌಂಟ್ ಲಾರೆಲ್ ಓದಿ. ಎಥೆಲ್ ಲಾರೆನ್ಸ್ ಅವರ ಮನೆತನ ತಲೆಮಾರುಗಳಿಂದ ಅಲ್ಲಿದ್ದದ್ದು. ಅಲ್ಲಿನ ಕರಿಯ ಕುಟುಂಬಗಳಿಗಾಗಿ ಸಣ್ಣ ಅಪಾರ್ಟ್‌ಮೆಂಟ್ ಕಟ್ಟಲು ಕೇಳಿದಾಗ, ಇಲ್ಲಿರಲು ಹಣವಿಲ್ಲದವರು ಊರು ಬಿಡಬೇಕಾಗುತ್ತದೆ ಎನ್ನುವ ಉತ್ತರ ಬಂತು. ರಾಜ್ಯದ ಸುಪ್ರೀಂ ಕೋರ್ಟ್ 1975ರಲ್ಲಿ, ಮತ್ತೆ 1983ರಲ್ಲಿ, ಪ್ರತಿ ಊರೂ ತನ್ನ ಪಾಲಿನ ಅಗ್ಗದ ಮನೆಗಳಿಗೆ ಅವಕಾಶ ಮಾಡಲೇಬೇಕು ಅಂದಿತು. ಎಥೆಲ್ 1994ರಲ್ಲಿ ತೀರಿಕೊಂಡರು. ಅವರ ಹೆಸರಿನ ಮನೆಗಳಿಗೆ ಜನ ಬಂದದ್ದು ಅದಾದ ಕೆಲವು ವರ್ಷಕ್ಕೆ. ಅಪರಾಧ ಹೆಚ್ಚುತ್ತದೆ, ಮನೆ ಬೆಲೆ ಬೀಳುತ್ತದೆ ಅಂತ ಊರಿನವರು ಹೆದರಿದ್ದರು. ಪ್ರಿನ್ಸ್‌ಟನ್‌ನ ಡಗ್ಲಸ್ ಮ್ಯಾಸಿ ತಂಡ ಹೋಗಿ ಅಳೆದು ನೋಡಿದಾಗ ಹಾಗೇನೂ ಆಗಿರಲಿಲ್ಲ. ಝೋನಿಂಗ್ ಸಭೆಗಳಲ್ಲಿ ಈ ಭಯವನ್ನು ನಾನು ಪ್ರತಿ ಸಲ ಕೇಳುತ್ತೇನೆ. ಬೈದರೆ ಅದು ಹೋಗುವುದಿಲ್ಲ. ಅಳೆದ ಲೆಕ್ಕ ಮುಂದಿಟ್ಟು, ಆ ಮನೆಗಳಿಗೆ ಬರಲಿರುವ ನರ್ಸು, ಬಸ್ ಚಾಲಕರನ್ನು ಅದೇ ಸಭೆಗೆ ಕರೆದುಕೊಂಡು ಹೋದರೆ ಸ್ವಲ್ಪ ಕರಗುತ್ತದೆ.

ಯೋಜನೆ_ವಿದ್ಯಾರ್ಥಿ

ಶಿಕಾಗೊ ಪಕ್ಕದ ಓಕ್ ಪಾರ್ಕ್ ಊರಿನ ಬಗ್ಗೆ ನಿಮ್ಮ ಅಭಿಪ್ರಾಯ? ಬಿಳಿಯರು ಊರು ಬಿಡದಂತೆ ತಡೆದರು ಅಂತ ಹೊಗಳುತ್ತಾರೆ, ಕೆಲವರು ಅದು ಕರಿಯರಿಗೆ ಮಿತಿ ಹಾಕಿದ ಹಾಗೆ ಅನ್ನುತ್ತಾರೆ.

ವಸತಿ_ಹಕ್ಕು

ಎರಡನ್ನು ಬೇರೆ ಬೇರೆ ನೋಡಬೇಕು. ಬ್ರೂಕ್ಲಿನ್‌ನ ಸ್ಟಾರೆಟ್ ಸಿಟಿ ಎಂಬ ದೊಡ್ಡ ವಸತಿ ಸಮುಚ್ಚಯದಲ್ಲಿ ಜನಾಂಗದ ಪ್ರಕಾರ ಮನೆಗಳ ಪಾಲು ಗೊತ್ತು ಮಾಡಿದ್ದರು. ಬೆರಕೆ ಉಳಿಯಲಿ ಎನ್ನುವುದೇ ಉದ್ದೇಶ. ಆದರೆ ಕರಿಯರು ಬಿಳಿಯರಿಗಿಂತ ತುಂಬಾ ಹೆಚ್ಚು ಕಾಲ ಕಾಯಬೇಕಾಯಿತು. 1988ರಲ್ಲಿ ಮೇಲ್ಮನವಿ ಕೋರ್ಟ್ ಅದು ಕಾನೂನುಬಾಹಿರ ಅಂದಿತು. ಆ ತೀರ್ಪು ಸರಿ ಅಂತಲೇ ನನ್ನ ನಿಲುವು. ಓಕ್ ಪಾರ್ಕ್ ಹಾಗಲ್ಲ. 1968ರಲ್ಲೇ ಊರಿನ ಫೇರ್ ಹೌಸಿಂಗ್ ಕಾನೂನು ಮಾಡಿತು. 1972ರಲ್ಲಿ ರೊಬರ್ಟಾ ರೇಮಂಡ್ ಹೌಸಿಂಗ್ ಸೆಂಟರ್ ಶುರು ಮಾಡಿದರು. ಬಾಡಿಗೆಗೆ ಬಂದವರಿಗೆ ತಾವಾಗಿ ನೋಡದ ಬೀದಿಗಳನ್ನೂ ತೋರಿಸಿ, ಆಯ್ಕೆಯನ್ನು ಅವರಿಗೇ ಬಿಟ್ಟರು. ಯಾರಿಗೂ ಮನೆ ಇಲ್ಲ ಅನ್ನಲಿಲ್ಲ. ಆಯ್ಕೆ ಹೆಚ್ಚಿಸುವುದು ಒಂದು, ಆಯ್ಕೆ ಕಸಿಯುವುದು ಇನ್ನೊಂದು.

ಹಳೇ_ನಕ್ಷೆ

ನೀತಿ ಕೆಲಸದಲ್ಲಿ ಬೇಸರ ಆಗಲ್ವಾ ಮೇಡಂ? ಸರ್ಕಾರ ಬದಲಾದಾಗಲೆಲ್ಲ ನಿಯಮವೂ ಬದಲಾಗುತ್ತದೆ.

ವಸತಿ_ಹಕ್ಕು

ಆಗುತ್ತದೆ. ಭೇದಭಾವ ತಡೆದರೆ ಸಾಲದು, ಪ್ರತ್ಯೇಕತೆ ಕರಗಿಸಲು ಸರ್ಕಾರ ತಾನೇ ಮುಂದಾಗಬೇಕು ಅಂತ 1968ರ ಕಾನೂನೇ ಹೇಳುತ್ತದೆ. ಅದನ್ನು ಊರುಗಳು ಹೇಗೆ ಮಾಡಬೇಕು ಅಂತ ನಿಯಮ ಬಂದದ್ದು 2015ರಲ್ಲಿ. 2020ರಲ್ಲಿ ತೆಗೆದರು, 2021ರಲ್ಲಿ ಭಾಗಶಃ ತಂದರು, 2025ರಲ್ಲಿ ಮತ್ತೆ ತೆಗೆದರು. ಆದರೆ ಮೂಲ ಕಾನೂನು ಹಾಗೇ ಇದೆ. 2015ರಲ್ಲೇ ಡಲ್ಲಾಸ್‌ನ ಕೇಸಿನಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಿಂದ, ಉದ್ದೇಶ ಸಾಬೀತಾಗದಿದ್ದರೂ ನೀತಿಯ ಪರಿಣಾಮ ನೋಡಿ ಪ್ರಶ್ನಿಸಬಹುದು ಅಂದಿತು. ವಾಷಿಂಗ್ಟನ್ ಬಾಗಿಲು ಹಾಕಿದಾಗ ನಾವು ರಾಜ್ಯ, ಕೌಂಟಿ, ಊರಿನ ಸಭೆಗಳಿಗೆ ಹೋಗುತ್ತೇವೆ.

ಹೊಸ_ಸದಸ್ಯೆ

ಮೇಡಂ, ತಡವಾಗಿ ಓದಿದೆ. ನನ್ನ ಗೆಳತಿ ಇಥಿಯೋಪಿಯಾದವಳು. ನಿನ್ನೆ ಒಂದು ಫ್ಲಾಟ್ ಕೇಳಿದಾಗ ಹೋಯಿತು ಅಂದರಂತೆ. ಜಾಹೀರಾತು ಇನ್ನೂ ಹಾಗೇ ಇದೆ. ಅವಳು ಹೋಗಿ ಜೋರಾಗಿ ಕೇಳುತ್ತೇನೆ ಅನ್ನುತ್ತಿದ್ದಾಳೆ.

ವಸತಿ_ಹಕ್ಕು

ಸಿಟ್ಟು ಬರುವುದು ಸಹಜ, ಆದರೆ ಈಗ ಹೋಗುವುದು ಬೇಡ. ಎಚ್ಚರಿಸಿದರೆ ಸಾಕ್ಷಿ ಹೋಗುತ್ತದೆ. ಯಾರ ಜೊತೆ ಮಾತಾಡಿದಳು, ಎಷ್ಟು ಗಂಟೆಗೆ, ಅವರು ಹೇಳಿದ ಮಾತು ಏನು, ಎಲ್ಲ ಇವತ್ತೇ ಬರೆದಿಡಲಿ. ಮೆಸೇಜು, ಇಮೇಲ್ ಅಳಿಸಬಾರದು. ಜಾಹೀರಾತಿನ ಸ್ಕ್ರೀನ್‌ಶಾಟ್ ದಿನಾಂಕ ಕಾಣುವಂತೆ ತೆಗೆಯಿರಿ. ನಿಮ್ಮ ಕಡೆಯ ಫೇರ್ ಹೌಸಿಂಗ್ ಸಂಸ್ಥೆಗೆ ಬೇಗ ಫೋನ್ ಮಾಡಿಸಿ, ಫ್ಲಾಟ್ ಖಾಲಿ ಇರುವಾಗಲೇ ಟೆಸ್ಟ್ ಮಾಡಲು ಸಾಧ್ಯ. ಹಡ್‌ಗೆ ದೂರು ಕೊಡಲು ಒಂದು ವರ್ಷ, ಕೋರ್ಟಿಗೆ ಹೋಗಲು ಎರಡು ವರ್ಷ ಸಮಯ ಇದೆ. ದೂರು ಕೊಟ್ಟಳು ಅಂತ ತೊಂದರೆ ಕೊಟ್ಟರೆ ಅದೂ ಕಾನೂನಿನಲ್ಲಿ ತಪ್ಪೇ.

ಹೊಸ_ಸದಸ್ಯೆ

ಫೋನ್ ಮಾಡಿಸಿದೆ ಮೇಡಂ. ಸೋಮವಾರ ಮಾತಾಡುತ್ತಾರಂತೆ. ಬರೆದೂ ಇಟ್ಟಿದ್ದಾಳೆ.

ವಸತಿ_ಹಕ್ಕು

ಒಳ್ಳೆಯದಾಯಿತು. ಸೋಮವಾರದ ತನಕ ದಿನಾ ಒಂದು ಸ್ಕ್ರೀನ್‌ಶಾಟ್ ತೆಗೆಯುತ್ತಿರಿ. ಜಾಹೀರಾತಿನಲ್ಲಿ ಬಾಡಿಗೆ ಬದಲಾದರೆ ಅದನ್ನೂ ಗುರುತು ಹಾಕಿಕೊಳ್ಳಿ.